ಚೀ ಅಂದದ್ದಕ್ಕೆ ಬಿದ್ದ ಏಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆಂದು ಧಾರವಾಡದ ನಮ್ಮ ಓಣಿಯವರಿಗೆಲ್ಲ ಗೊತ್ತಿತ್ತು. ಕೋಲ್ಕತ್ತಾದವರಿಗೆ ಗೊತ್ತಾಗಲು ಒಂದು ತಿಂಗಳು ಸಾಕಾಯಿತು. ಜಾದವ್‌ಪುರದ ಆಟೋ ಸಾಲಿನಲ್ಲಿ ನನ್ನ ಕಾಲು ತುಳಿದು ಮುಂದೆ ನುಗ್ಗಿದ ಗಂಡಸೊಬ್ಬನ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದ್ದೆ. ಅಂಗಿಯ ಎರಡು ಗುಂಡಿ ಕಿತ್ತು ನನ್ನ ಕೈಗೇ ಬಂದವು. ಸಾಲಿನಲ್ಲಿದ್ದ ಹೆಂಗಸರು ಶಹಬ್ಬಾಸ್ ಅಂದರು, ನಾನು ಬೀಗಿದೆ. ಹಾಗೆ ಬೀಗಿ ಬೀಗಿಯೇ ಕೆಟ್ಟೆ ಎಂದು ಈಗ ಅನಿಸುತ್ತದೆ. ನಾನು ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತೇನೆ, ನಮ್ಮ ಮನೆಯವರು ಜೋಕಾದ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಹನ್ನೊಂದು ವರ್ಷದ ಒಬ್ಬಳೇ ಮಗಳು. ಮೂವರಲ್ಲಿ ಧ್ವನಿ ಏರಿಸುವವಳು, ಪಾತ್ರೆ ಎಸೆಯುವವಳು, ಬಾಗಿಲು ದಢಾರನೆ ಹಾಕುವವಳು ನಾನೊಬ್ಬಳೇ.

ಆಟ ಮನೆಗೆ ಬಂದದ್ದು ಕೆಲಸದ ನೆಪದಲ್ಲಿ. ಜಪಾನೀ ಮಾಜಾಂಗ್‌ನಲ್ಲಿ ಯಾವ ಬಿಲ್ಲೆಯನ್ನು ಯಾವಾಗ ಎಸೆಯಬೇಕು ಎಂಬ ಲೆಕ್ಕಾಚಾರದ ಮೇಲೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಬರೆದಿದ್ದಳು. ಆಟವೇ ಗೊತ್ತಿಲ್ಲದೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ? ಮನೆಯ ಕಂಪ್ಯೂಟರಿಗೆ ಹಾಕಿಕೊಂಡೆ. ಪ್ರಬಂಧ ಓದಿ ಮುಗಿಯಿತು, ಆಕೆಗೆ ಪದವಿಯೂ ಬಂತು, ಆಕೆ ಊರು ಬಿಟ್ಟೂ ಹೋದಳು. ನಾನು ಮಾತ್ರ ಆ ಪರದೆಯ ಮುಂದೆಯೇ ಕೂತಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಮೇಜಿನ ನಾಲ್ಕು ಬದಿಗೆ ನಾಲ್ವರು ಕೂತಿರುತ್ತಾರೆ. ನಾನೊಬ್ಬಳು, ಉಳಿದ ಮೂವರು ಕಂಪ್ಯೂಟರಿನವರು. ಕೈಯಲ್ಲಿ ಹದಿಮೂರು ಬಿಲ್ಲೆ. ಒಂದು ಎತ್ತಿಕೊಳ್ಳಬೇಕು, ಬೇಡವಾದದ್ದೊಂದನ್ನು ಎಸೆಯಬೇಕು, ಹೀಗೆ ಮೂರು ಮೂರರ ಗುಂಪು ಕಟ್ಟುತ್ತ ಹೋಗಬೇಕು. ಎಡಗಡೆ ಕೂತವರು ಎಸೆದ ಬಿಲ್ಲೆ ನಿಮ್ಮ ಎರಡು ಬಿಲ್ಲೆಗಳ ಜೊತೆ ಒಂದು, ಎರಡು, ಮೂರು ಎಂಬಂತೆ ಸಾಲಾಗಿ ಹೊಂದಿದರೆ ಅದನ್ನು ಎತ್ತಿಕೊಳ್ಳಬಹುದು. ಹಾಗೆ ಎತ್ತಿಕೊಳ್ಳುವಾಗ ಕೂಗುವ ಪದ "ಚೀ". ನೀವು ಎಸೆದ ಬಿಲ್ಲೆಯಿಂದ ಇನ್ನೊಬ್ಬರ ಕೈ ಪೂರ್ತಿಯಾಗಿಬಿಟ್ಟರೆ ಅವರು "ರೋನ್" ಎನ್ನುತ್ತಾರೆ, ಆಗ ಅಷ್ಟೂ ದಂಡ ನಿಮ್ಮೊಬ್ಬರ ತಲೆಗೆ. ಉಳಿದಿಬ್ಬರಿಗೆ ಕೂದಲೂ ಕೊಂಕುವುದಿಲ್ಲ.

ಮೊದಲ ದಿನ ಬಲಗಡೆಯ ಹುಡುಗಿ, ಶಾಲೆಯ ಸಮವಸ್ತ್ರ ತೊಟ್ಟ ಚಿತ್ರದ ಹುಡುಗಿ, ನನ್ನ ಬಿಲ್ಲೆಯನ್ನು "ಚೀ" ಎಂದು ಎತ್ತಿಕೊಂಡಾಗ ನನಗೆ ನಗು ತಡೆಯಲಿಲ್ಲ. ಹಲ್ಲುಜ್ಜದೆ ಕಾಫಿಗೆ ಕೂತವಳಿಗೆ ಅಂದ ಹಾಗಿತ್ತು. ನಾಲ್ಕನೆಯ ದಿನಕ್ಕೆ ನಗು ನಿಂತಿತು. ನಮ್ಮ ಮನೆಯಲ್ಲಿ ಛೀ ಎಂಬುದು ಸಣ್ಣ ಮಾತಾಗಿರಲಿಲ್ಲ. ಹಿರಿಯರ ಮುಖಕ್ಕೆ ಛೀ ಅಂದರೆ ಉಗುಳಿದ ಲೆಕ್ಕ. ಒಮ್ಮೆ ಹಾಗೆಂದ ನನ್ನ ತಮ್ಮನನ್ನು ನಮ್ಮಪ್ಪ ಹಿತ್ತಲವರೆಗೆ ಅಟ್ಟಿಸಿಕೊಂಡು ಹೋಗಿ ಬೆಲ್ಟಿನಿಂದ ಬಾರಿಸಿದ್ದರು. ಬಂಗಾಳಿಯಲ್ಲೂ ಅದೇ ಪದ, ಅದೇ ಅರ್ಥ. ಈಗ ಒಂದು ಬೊಂಬೆ ನನಗೆ ದಿನಕ್ಕೆ ಹತ್ತು ಸಲ ಛೀ ಅನ್ನುತ್ತಿತ್ತು, ಅದೂ ನಾನು ತಪ್ಪು ಮಾಡಿದಾಗಲೇ.

ನಾನು ಸೋಲುತ್ತಿದ್ದೆ. ಸಂಭವನೀಯತೆಯನ್ನು ಇಪ್ಪತ್ತು ವರ್ಷ ಕಲಿಸಿದವಳು ಸೋಲುತ್ತಿದ್ದೆ. ಎದುರಿಗೆ ಕೂತ ಚಿತ್ರದ ಮುದುಕನೊಬ್ಬ ಏನೂ ಮಾತಾಡದೆ ಕಾದು ಕೂತಿದ್ದು, ನಾನು ಗೆಲ್ಲುವ ಹೊತ್ತಿಗೆ ಸರಿಯಾಗಿ "ರೋನ್" ಅನ್ನುತ್ತಿದ್ದ. ಪರದೆ ಕೆಂಪಾಗಿ ಮಿಂಚುತ್ತಿತ್ತು. ನಿನ್ನ ಹೆಣ ಎತ್ಲಿ, ನಿನ್ನ ಬಾಯಾಗ ಮಣ್ಣ ಬೀಳ್ಲಿ ಎಂದು ಧಾರವಾಡದ ಬೈಗುಳ ಅಷ್ಟೂ ಅವನಿಗೆ ಅರ್ಪಿಸಿದೆ. ಬೈದರೆ ತಣ್ಣಗಾಗಲಿಲ್ಲ. ಮೌಸನ್ನು ಗೋಡೆಗೆ ಬೀಸಿದೆ, ಒಡೆಯಿತು. ಹೊಸದು ತಂದೆ, ಅದನ್ನು ಮೇಜಿಗೆ ಕುಟ್ಟಿ ಕುಟ್ಟಿ ಒಡೆದೆ. ಕೀಬೋರ್ಡಿಗೆ ಗುದ್ದಿದ ಹೊಡೆತಕ್ಕೆ ಅಕ್ಷರಗಳು ಕಿತ್ತು ಮಂಚದ ಕೆಳಗೆ ಹೋದವು. ಒಂದು ದಿನ ಸ್ಟೀಲ್ ಲೋಟ ಎಸೆದೆ, ಅದು ಪರದೆಯ ಅಂಚಿಗೆ ತಾಕಿ ಮೂಲೆಯಲ್ಲಿ ಒಂದು ಗೀರು ಬಿತ್ತು. ಮುದುಕನಿಗೆ ಏನೂ ಆಗಲಿಲ್ಲ, ಅದೇ ಮುಗುಳ್ನಗೆಯಲ್ಲಿ ಮುಂದಿನ ಬಿಲ್ಲೆ ಹಂಚಿದ. ಆ ಮುಗುಳ್ನಗೆ ನೋಡಿದರೆ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು.

ಮನೆಯವರು ತಾಳ್ಮೆಯ ಮನುಷ್ಯ. ಅಷ್ಟು ತ್ರಾಸಾಗುವುದಾದರೆ ತೆಗೆದುಹಾಕು ಎಂದು ಒಂದೆರಡು ಸಲ ಹೇಳಿ ನೋಡಿದರು. ತೆಗೆದರೆ ಅವನು ಗೆದ್ದ ಹಾಗಾಗುತ್ತದಲ್ಲ, ಎಂದು ನಾನು ಅವರ ಮೇಲೇ ಹಾರಿದೆ. ಯಾರು ಗೆದ್ದಂತೆ ಎಂದು ಅವರು ಕೇಳಿದರು. ನಾನು ಇನ್ನೊಂದು ಆಟ ಶುರು ಮಾಡಿದೆ. ಅವರು ಪತ್ರಿಕೆ ಎತ್ತಿಕೊಂಡು ಬಾಲ್ಕನಿಗೆ ಹೋದರು.

ಮಗಳು ಮಾತ್ರ ಪಕ್ಕಕ್ಕೆ ಬಂದು ಕೂತಳು. ಊಟದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ನನ್ನ ಎಡಕ್ಕೆ ಹಾಕಿಕೊಂಡು, ಮೊಣಕಾಲು ಮಡಚಿ ನೋಡುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿ ತೆರೆದರೆ ಬಂಗಾಳಿ, ಇಂಗ್ಲಿಷು, ನಡುವೆ ಅಲ್ಲಲ್ಲಿ ನಮ್ಮ ಮಾತು. ಹದಿನೈದು ದಿನದಲ್ಲಿ ಆಟ ಅವಳ ತಲೆಗೆ ಹತ್ತಿತು. ಯಾವುದನ್ನು ಎಸೆಯಬೇಕೆಂದು ಬೆರಳು ಚಾಚಿ ತೋರಿಸುತ್ತಿದ್ದಳು. ನಾನು ಬೇರೆಯದನ್ನು ಎಸೆದರೆ ಸುಮ್ಮನಿರುತ್ತಿದ್ದಳು. ಆಮೇಲೆ ಅವಳು ತೋರಿಸಿದ್ದೇ ಸರಿಯಿತ್ತು ಎಂದು ಗೊತ್ತಾಗುತ್ತಿತ್ತು. ಹೊಟ್ಟೆಯೊಳಗೆ ಹೆಮ್ಮೆಯೂ ಆಗುತ್ತಿತ್ತು, ಉರಿಯೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಉರಿಯೇ ಹೆಚ್ಚು.

ಅದು ಒಂದು ಭಾನುವಾರದ ಮಧ್ಯಾಹ್ನ. ಮನೆಯವರು ಯಾವುದೋ ಸಂದರ್ಶನ ನಡೆಸಲು ಜೋಕಾಕ್ಕೆ ಹೋಗಿದ್ದರು. ಕೆಳಗೆ ಓಣಿಯಲ್ಲಿ ನೆರೆಮನೆಯ ಮಕ್ಕಳು ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಸೆಕೆಗೆ ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ನಾನು ಗೆಲ್ಲುತ್ತಿದ್ದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಎಲ್ಲರಿಗಿಂತ ಮುಂದಿದ್ದೆ, ಇನ್ನು ಎರಡೇ ಸುತ್ತು ಉಳಿದಿದ್ದವು. ಮಗಳು ಬಿದಿರಿನ ಚಿತ್ರವಿದ್ದ ಒಂದು ಬಿಲ್ಲೆಯತ್ತ ಬೆರಳು ತೋರಿಸಿದಳು. ಕೈ ತೆಗಿ ಎಂದು ಅವಳ ಬೆರಳನ್ನು ತಳ್ಳಿ ಪಕ್ಕದ್ದನ್ನು ಎಸೆದೆ. ಮುದುಕ "ರೋನ್" ಅಂದ. ಪರದೆ ಕೆಂಪಾಯಿತು. ಒಂದೇ ಏಟಿಗೆ ಮೊದಲನೆಯ ಸ್ಥಾನದಿಂದ ಕೊನೆಗೆ ಬಂದು ಬಿದ್ದೆ.

ಮೇಜಿಗೆ ಮುಷ್ಟಿಯಿಂದ ಗುದ್ದಿದೆ, ಚಹಾದ ಕಪ್ಪು ಉರುಳಿ ಪ್ರಶ್ನೆಪತ್ರಿಕೆಗಳ ಮೇಲೆ ಚೆಲ್ಲಿತು. ಮಗಳ ಕಡೆ ತಿರುಗಿದೆ. ನಿನ್ನಿಂದಲೇ ಆದದ್ದು, ಬೆರಳು ಅಡ್ಡ ತಂದು ನನ್ನ ಲಕ್ಷ್ಯ ಕೆಡಿಸಿದಿ, ನಿನಗೆ ಮಾಡಲು ಬೇರೆ ಕೆಲಸ ಇಲ್ಲೇನು ಎಂದು ಬಾಯಿಗೆ ಬಂದಂತೆ ಬೈಯತೊಡಗಿದೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ ಪರದೆಯನ್ನೇ ನೋಡುತ್ತಿದ್ದಳು. ಅದೂ ಅಹಂಕಾರವಾಗಿಯೇ ಕಂಡಿತು. ಆಗ ಅವಳು ಕತ್ತು ಮುಂದೆ ಚಾಚಿ, ನನ್ನ ಮುಖದ ಹತ್ತಿರವೇ, ಜೋರಾಗಿ ಅಂದಳು:

"ಚೀ!"

ನಾನು ಹೊಡೆದೆ. ಬಲಗೈ ಪೂರ್ತಿ ಬಿಚ್ಚಿ, ಭುಜದಿಂದ ಬೀಸಿ ಹೊಡೆದೆ. ಅಂಗೈ ಅವಳ ಎಡಗಿವಿಯ ಮೇಲೆ, ಕೆನ್ನೆಯ ಮೇಲೆ ಬಿತ್ತು. ಪ್ಲಾಸ್ಟಿಕ್ ಕುರ್ಚಿ ಒಂದು ಕಡೆಗೆ ವಾಲಿ, ಅವಳು ಅದರೊಂದಿಗೇ ನೆಲಕ್ಕೆ ಬಿದ್ದಳು. ಬಿದ್ದವಳ ಮೇಲೆ ಬಾಗಿ, ಅಮ್ಮಗ ಛೀ ಅಂತೀಯಾ, ನಾಲಿಗಿ ಕಿತ್ತೇನಿ ಎಂದು ಮತ್ತೆ ಕೈ ಎತ್ತಿದೆ. ಎತ್ತಿದ ಕೈ ಕೆಳಗಿಳಿಸಲು ಕಾರಣ ಕರುಣೆಯಲ್ಲ. ಅವಳು ಅಳದೆ ಬೆರಳಿನಿಂದ ಪರದೆಯನ್ನು ತೋರಿಸುತ್ತಿದ್ದಳು, ನಾನು ತಿರುಗಿ ನೋಡಿದೆ.

ಎಡಗಡೆಯ ಆಟಗಾರ ಬಿಲ್ಲೆಯೊಂದನ್ನು ಎಸೆದಿದ್ದ. ಹೊಸ ಸುತ್ತು ಆಗಲೇ ಶುರುವಾಗಿತ್ತು. ಅದನ್ನು ಎತ್ತಿಕೊಳ್ಳುವ ಗುಂಡಿ ಕೆಳಗೆ ಮಿನುಗುತ್ತಿತ್ತು, ಐದು ಸೆಕೆಂಡಿನ ಗಡುವಿನಲ್ಲಿ ಕೊನೆಯದೊಂದು ಉಳಿದಿತ್ತು. ನೋಡುತ್ತಿದ್ದಂತೆಯೇ ಗುಂಡಿ ಆರಿತು, ಬಿಲ್ಲೆ ಹೋಯಿತು. ಅವಳು ನನಗೆ ಛೀ ಅಂದಿರಲಿಲ್ಲ. ಅಮ್ಮ ಬೈಯುವುದರಲ್ಲಿ ಮುಳುಗಿದ್ದಾಳೆ, ಗಡುವು ಮುಗಿದುಹೋಗುತ್ತದೆ, ಅದನ್ನು ಎತ್ತಿಕೋ ಎಂದು ಹೇಳಿದ್ದಳು. ಬೆರಳು ತೋರಿಸಬೇಡ ಎಂದವಳು ನಾನೇ, ಅದಕ್ಕೇ ಬಾಯಿಂದ ಹೇಳಿದ್ದಳು.

ಎತ್ತಿ ಕೂರಿಸಿದೆ. ಕಿವಿಯಲ್ಲಿ ಗುಂಯ್ ಅಂತದ ಎಂದಳು. ಎಡಗಡೆಯಿಂದ ಮಾತಾಡಿದೆ, ಕೇಳಿಸಲಿಲ್ಲ. ಕಿವಿಯ ಬಾಯಲ್ಲಿ ಒಂದು ಹನಿ ರಕ್ತ ಇತ್ತು, ಸಾಸಿವೆಯಷ್ಟು. ಚಪ್ಪಲಿ ಹಾಕುವುದನ್ನೂ ಮರೆತು ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು, ಸ್ಟೇಷನ್ ರಸ್ತೆಯಲ್ಲಿ ಭಾನುವಾರವೂ ತೆರೆದಿರುವ ಕಿವಿ ಮೂಗಿನ ಡಾಕ್ಟರರ ಬಳಿ ಓಡಿದೆ.

ವಯಸ್ಸಾದ ಬಂಗಾಳಿ ಡಾಕ್ಟರು. ಹಣೆಯ ದೀಪ ಇಳಿಸಿಕೊಂಡು ಕಿವಿಯೊಳಗೆ ಬಹಳ ಹೊತ್ತು ನೋಡಿದರು. ತಮಟೆ ಹರಿದಿದೆ, ಒಂದು ತೂತಾಗಿದೆ ಎಂದರು. ಸಣ್ಣದು, ತಾನಾಗಿ ಮುಚ್ಚಬಹುದು, ಮುಚ್ಚದೆಯೂ ಇರಬಹುದು, ಮುಚ್ಚದಿದ್ದರೆ ಆಪರೇಷನ್. ಆರು ವಾರ ಒಂದು ಹನಿ ನೀರು ಒಳಗೆ ಹೋಗಬಾರದು. ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆದೆ. ನನ್ನ ಬಾಯಿಂದ ಏನೂ ಹೊರಡುವ ಮೊದಲೇ ಮಗಳು ಬಂಗಾಳಿಯಲ್ಲಿ ಬಾಲ್ ತಾಗಿತು ಎಂದಳು. ಆಗಲೂ ಸಮಯವಿತ್ತು. ಆದರೆ ನಾನು, ಹೌದು, ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು ಎಂದು ಸೇರಿಸಿದೆ. ಅವಳ ಎರಡು ಪದದ ಸುಳ್ಳಿಗೆ ನಾನು ಕೈಕಾಲು ಜೋಡಿಸಿ ನಡೆಯಲು ಬಿಟ್ಟೆ.

ಸಂಜೆ ಮನೆಯವರು ಬಂದರು. ಮಗಳ ಕಿವಿಯಲ್ಲಿ ಹತ್ತಿ, ಕೆನ್ನೆ ಊದಿದೆ. ನಾನು ಅದೇ ಬಾಲಿನ ಕತೆ ಹೇಳಿದೆ. ಅವರ ಮುಖ ನಾನು ಎಂದೂ ನೋಡಿರದ ಬಣ್ಣಕ್ಕೆ ತಿರುಗಿತು. ಯಾರು ಹೊಡೆದದ್ದು ಎಂದು ಮಗಳನ್ನು ಕೇಳಿದರು, ಅವಳು ಗೊತ್ತಿಲ್ಲ ಎಂದಳು. ಅಷ್ಟೇ, ಮೆಟ್ಟಿಲು ದಡದಡ ಇಳಿದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಒಂದು ಇರುವೆಯನ್ನೂ ಬೈಯದ ಮನುಷ್ಯ, ಓಣಿಯ ಮಕ್ಕಳ ಕೈಯಿಂದ ಬ್ಯಾಟ್ ಕಸಿದುಕೊಂಡು, ಗೇಟಿನ ಕಬ್ಬಿಣಕ್ಕೆ ಬಡಿದು ಬಡಿದು ಎರಡು ತುಂಡು ಮಾಡಿದರು. ಮಕ್ಕಳು ಗೋಡೆಗೆ ಒತ್ತಿ ನಿಂತಿದ್ದರು. ಒಬ್ಬಳು ಹುಡುಗಿ ಅಳುತ್ತ, ಕಾಕಾ, ನಾವು ಹೊಡೆದಿಲ್ಲ ಎನ್ನುತ್ತಿದ್ದಳು. ಅವರು ಅವಳ ಮೇಲೂ ಕಿರುಚಿದರು. ನಾನೂ ಮಗಳೂ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆವು. ಮಗಳು ಕೆಳಗೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಾಲರ್ ಹಿಡಿದು ಜಗ್ಗುವ ಧೈರ್ಯವೆಲ್ಲ ಎಲ್ಲಿ ಹೋಯಿತೋ ಕಾಣೆ, ಬಾಲ್ಕನಿಯ ಸರಳು ಹಿಡಿದು ನಿಂತೇ ಇದ್ದೆ.

ಅಂದಿನಿಂದ ಓಣಿಯ ಮಕ್ಕಳು ನನ್ನ ಮಗಳನ್ನು ಆಟಕ್ಕೆ ಕರೆಯಲಿಲ್ಲ. ಸುಳ್ಳಿ ಎಂದು ಕರೆದರಂತೆ. ಇದನ್ನು ಅವಳು ಹೇಳಲಿಲ್ಲ, ನೆಲಮಹಡಿಯ ಹೆಂಗಸು, ನಾನು ಬೌದಿ ಅನ್ನುವವರು, ಹೇಳಿದರು. ಮಗಳು ಸ್ಕೂಲಿಗೆ ಹೋಗುವಾಗ ಗೇಟಿನವರೆಗೆ ತಲೆ ಬಗ್ಗಿಸಿ ನಡೆಯುತ್ತಿದ್ದಳು. ಯಾಕೆ ಸುಳ್ಳು ಹೇಳಿದಿ ಎಂದು ಕೇಳುವ ಮುಖ ನನಗಿರಲಿಲ್ಲ. ತಲೆಗೆ ನೀರು ಹಾಕುತ್ತೇನೆ ಬಾ ಎಂದರೆ, ತಾನೇ ಹಾಕಿಕೊಳ್ಳುತ್ತೇನೆ ಎಂದು ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗೆ ತುರುಕಿಕೊಂಡು ಬಚ್ಚಲಿನ ಚಿಲಕ ಹಾಕುತ್ತಿದ್ದಳು. ನಾನು ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ. ಒಂದು ಹನಿ ಒಳಗೆ ಹೋದರೂ ತೂತು ಮುಚ್ಚುವುದಿಲ್ಲವಲ್ಲ ಎಂದು ಜೀವ ಕೈಯಲ್ಲಿ ಹಿಡಿದಿರುತ್ತಿದ್ದೆ.

ಆರು ವಾರವೂ ನನ್ನ ತಲೆಯಲ್ಲಿ ಇದ್ದದ್ದು ಎರಡೇ. ಆ ತೂತು ಮುಚ್ಚಬೇಕು, ನಾನು ನಿಜ ಹೇಳಬೇಕು. ಮೊದಲನೆಯದು ನನ್ನ ಕೈಯಲ್ಲಿ ಇರಲಿಲ್ಲ. ಎರಡನೆಯದು ಪೂರ್ತಿ ನನ್ನ ಕೈಯಲ್ಲೇ ಇತ್ತು, ಅದಕ್ಕೇ ನಾಳೆ ನಾಳೆ ಎಂದು ತಳ್ಳಿದೆ. ಮನೆಯವರು ಊಟಕ್ಕೆ ಕೂತಾಗ ಈಗ ಹೇಳುತ್ತೇನೆ ಎಂದುಕೊಂಡು ಸಾರು ಬಡಿಸುತ್ತಿದ್ದೆ. ಅವರೇ ಅಪರೂಪಕ್ಕೆ ಬ್ಯಾಟಿನ ವಿಷಯ ತೆಗೆದು, ಆ ಮಕ್ಕಳ ಮೇಲೆ ಹಾಗೆ ಹೋಗಬಾರದಿತ್ತು, ನನಗೇನು ಮೈಮೇಲೆ ಬಂದಿತ್ತೋ ಎಂದು ತಲೆ ಬಗ್ಗಿಸುತ್ತಿದ್ದರು. ತಪ್ಪು ಮಾಡಿದವಳು ನಾನು, ನಾಚಿಕೆ ಪಟ್ಟುಕೊಂಡವರು ಅವರು. ನಾನು ಇನ್ನೊಂದು ಸೌಟು ಸಾರು ಹಾಕುತ್ತಿದ್ದೆ.

ಆಟ ಬಿಟ್ಟೆ ಎಂದುಕೊಳ್ಳಬೇಡಿ. ನಾಲ್ಕು ದಿನ ಬಿಟ್ಟಿದ್ದೆ. ಐದನೆಯ ದಿನ ಸ್ಪೀಕರ್ ಆರಿಸಿ ಕೂತೆ. ಮುದುಕ ಗೆದ್ದ. ಕೈ ತಾನಾಗಿ ಎದ್ದಿತು. ಎಡಕ್ಕೆ ತಿರುಗಿದೆ, ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಇರಲಿಲ್ಲ, ಅವಳು ಅದನ್ನು ಒಳಗೆ ಒಯ್ದಿಟ್ಟಿದ್ದಳು. ಎದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಕೂತೆ. ನನಗೆ ನನ್ನ ಮೇಲೆ ಹೆದರಿಕೆ ಹುಟ್ಟಿದ್ದು ಆಗ. ಅವತ್ತೇ ಆ ಆಟವನ್ನು ಅಳಿಸಿಹಾಕಿದೆ. ಅಳಿಸಿದ್ದು ಒಳ್ಳೆಯತನದಿಂದಲ್ಲ, ಹೆದರಿ ಅಳಿಸಿದೆ.

ಆರು ವಾರ ಮುಗಿದು, ಒಂದು ಶನಿವಾರ ಬೆಳಗ್ಗೆ ಮತ್ತೆ ಡಾಕ್ಟರರ ಬಳಿ ಹೋದೆವು. ಅವರು ಹಣೆಯ ದೀಪ ಇಳಿಸಿಕೊಂಡು ನೋಡಿದರು. ಶ್ರುತಿ ಹಿಡಿಯುವ ಕಬ್ಬಿಣದ ಕವಲನ್ನು ಮೊಣಕೈಗೆ ತಟ್ಟಿ ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿದು ಕೇಳುತ್ತಿದೆಯಾ ಎಂದರು. ಕೇಳುತ್ತಿದೆ ಎಂದಳು. ಎರಡೂ ಒಂದೇ ಥರ ಇದೆಯಾ ಎಂದರು. ಒಂದೇ ಥರ ಎಂದಳು. ಮುಚ್ಚಿದೆ, ಇನ್ನು ಈಜಬಹುದು ಬೇಕಾದರೆ, ಎಂದು ಅವರು ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು. ಅದು ಬಾಲ್ ಅಲ್ಲ ಡಾಕ್ಟರೇ, ನಾನು ಹೊಡೆದದ್ದು, ಎಂದುಬಿಟ್ಟೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಲಿಲ್ಲ. ಆ ದಿನವೇ ಗೊತ್ತಿತ್ತು ಎಂದರು. ಬಾಲ್ ತಾಗಿದರೆ ಕೆನ್ನೆಯಲ್ಲಿ ಬೆರಳು ಮೂಡುವುದಿಲ್ಲ. ಆಮೇಲೆ ಕನ್ನಡಕ ತೆಗೆದು, ತಾಯಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡಿ ಎಂದು ನನಗೇ ಸಮಾಧಾನ ಹೇಳಿದರು. ಸಮಾಧಾನ ಕೇಳಿ ನನಗೆ ಅವರ ಮೇಲೆ ಸಿಟ್ಟು ಬಂತು. ಗೊತ್ತಿದ್ದೂ ಸುಮ್ಮನಿದ್ದರಲ್ಲ, ಒಂದು ಮಾತು ಬೈದಿದ್ದರೆ ಏನು ಹೋಗುತ್ತಿತ್ತು ಎನಿಸಿತು. ಎದ್ದು ನಮಸ್ಕಾರ ಮಾಡಿ ಹೊರಗೆ ಬಂದೆ. ಎದೆಯ ಮೇಲಿನ ಕಲ್ಲು ಇಳಿದಂತಿತ್ತು. ಒಂದು ಮಿಠಾಯಿ ಅಂಗಡಿ ಕಂಡಿತು. ಏನು ಬೇಕು, ಸಂದೇಶ್ ತಗೋತೀಯಾ ಎಂದು ಮಗಳನ್ನು ಕೇಳಿದೆ.

ಅವಳು ಅಂಗಡಿಯ ಕಡೆ ನೋಡಲಿಲ್ಲ. ಆರು ವಾರದಲ್ಲಿ ಮೊದಲ ಬಾರಿ ಪೂರ್ತಿ ಕನ್ನಡದಲ್ಲಿ ಮಾತಾಡಿದಳು.

"ಡಾಕ್ಟರಿಗೆ ಹೇಳ್ದಿ. ಅಪ್ಪಗ ಯಾವಾಗ ಹೇಳ್ತಿ?"

ಸ್ಟೇಷನ್ ರಸ್ತೆಯಲ್ಲಿ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ಗೇಟು ಬಿದ್ದು ಲೋಕಲ್ ಟ್ರೇನು ಹಾಯುತ್ತಿತ್ತು. ಟ್ರೇನು ಹೋಗಲಿ ಎಂದುಕೊಂಡೆ, ಹೋಯಿತು. ಮನೆಗೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ಅವಳು ಕದಲಲಿಲ್ಲ. ಚೀಲದಿಂದ ಫೋನ್ ತೆಗೆದು ಅಲ್ಲೇ ಮನೆಯವರಿಗೆ ಹಚ್ಚಿದೆ. ಕಿವಿ ಹೆಂಗದ ಎಂದು ಅವರು ಮೊದಲು ಕೇಳಿದರು. ಮುಚ್ಚೇದರಿ ಎಂದೆ. ದೇವರು ದೊಡ್ಡವ ಎಂದು ಅವರು ಉಸಿರು ಬಿಟ್ಟದ್ದು ಕೇಳಿಸಿತು. ಅವರ ಮಾತು ಮುಗಿಯುವ ಮೊದಲೇ ಹೇಳಿದೆ. ಬಾಲ್ ಅಲ್ಲ, ಮಕ್ಕಳು ಏನೂ ಮಾಡಿಲ್ಲ, ಹೊಡೆದವಳು ನಾನು. ಹೇಗೆ, ಎಲ್ಲಿ, ಯಾವ ಕೈಯಿಂದ, ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು.

"ಯಾಕ ಹೊಡದಿ?"

ಪದ ತಪ್ಪಾಗಿ ಕೇಳಿಸಿತು ಎಂದು ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಅವಳು ಏನೇ ಅಂದಿದ್ದರೂ, ಏನೂ ಅನ್ನದಿದ್ದರೂ ಆ ಏಟು ಯಾರಿಗಾದರೂ ಬೀಳುವುದೇ ಇತ್ತು. ಆ ಮುದುಕ ಗಾಜಿನ ಹಿಂದಿದ್ದ.

"ಪಕ್ಕದಾಗ ಇದ್ದಳರಿ," ಎಂದೆ. "ಕೈಗೆ ಸಿಕ್ಕಳು, ಹೊಡದೆ."

ಮಗಳು ಅಲ್ಲೇ ನಿಂತಿದ್ದಳು. ಎರಡೂ ಕಿವಿಯಿಂದ ಕೇಳಿಸಿಕೊಂಡಳು.